ಪ್ರೋಗ್ರಾಂನಿಂದಲೇ ಇ-ಮೇಲ್: ಪೈಥಾನ್‌ನ ಎಸ್‌ಎಂಟಿಪಿಲಿಬ್ ಕೊಡಗಿನ ಕೆಲಸಕ್ಕೆ ಸಾಕೇ?

ಪ್ರೋಗ್ರಾಂ ಬರೆಯಲು ಬಳಸುವ ಪೈಥಾನ್ ಭಾಷೆಯನ್ನು ಕಂಪ್ಯೂಟರಿಗೆ ಹಾಕಿಕೊಂಡರೆ ಅದರೊಡನೆ ತಾನಾಗಿಯೇ ಬರುವ ಲೈಬ್ರರಿಗಳಲ್ಲಿ, ಎಂದರೆ ಸಿದ್ಧ ಪ್ರೋಗ್ರಾಂ ತುಣುಕುಗಳ ಸಂಗ್ರಹಗಳಲ್ಲಿ, ಎಸ್‌ಎಂಟಿಪಿಲಿಬ್ ಒಂದು. ಯಾರೂ ಮೇಲ್ ತೆರೆದು ಕೂತು ಟೈಪ್ ಮಾಡುವ ಅಗತ್ಯವಿಲ್ಲದೆ, ಪ್ರೋಗ್ರಾಂ ತಾನೇ ಎಸ್‌ಎಂಟಿಪಿ ಎಂಬ ಇ-ಮೇಲ್ ರವಾನೆಯ ನಿಯಮಗಳ ಪ್ರಕಾರ ಮೇಲ್ ಸರ್ವರಿನೊಡನೆ (ಪತ್ರಗಳನ್ನು ಪಡೆದು ಸಾಗಿಸುವ ಕಂಪ್ಯೂಟರ್) ಮಾತನಾಡಿ ಪತ್ರವನ್ನು ಒಪ್ಪಿಸುವಂತೆ ಮಾಡುವುದು ಇದರ ಕೆಲಸ. ಇದರ ಜೋಡಿಯಾಗಿ ಇಮೇಲ್ ಎಂಬ ಹೆಸರಿನದೇ ಇನ್ನೊಂದು ಲೈಬ್ರರಿ ಇದೆ. ಪತ್ರದ ವಿಷಯ, ಒಕ್ಕಣೆ, ಲಗತ್ತುಗಳನ್ನು ಸರಿಯಾದ ರೂಪಕ್ಕೆ ತಂದುಕೊಡುವುದು ಅದರ ಪಾಲಿನ ಕೆಲಸ. ಕುಶಾಲನಗರದ ಬಳಿಯ ಒಂದು ಕಾಫಿ ಕ್ಯೂರಿಂಗ್ (ಸಂಸ್ಕರಣೆ) ಘಟಕದ ತೂಕದ ಚೀಟಿಗಳನ್ನು ಬೆಳೆಗಾರರಿಗೆ ತಲುಪಿಸುವುದಕ್ಕೂ ಮಡಿಕೇರಿ ಸುತ್ತಲಿನ ಕೆಲವು ಹೋಂಸ್ಟೇಗಳ ಬುಕಿಂಗ್ ದೃಢೀಕರಣ ಕಳುಹಿಸುವುದಕ್ಕೂ ಈ ಎರಡನ್ನೂ ಬಳಸುತ್ತ ಬಂದಿದ್ದೇನೆ. ಇದು ಹಣ ಕೊಟ್ಟು ಕೊಳ್ಳುವ ವಸ್ತುವಲ್ಲ. ಆದರೂ ಇದನ್ನು ನಂಬಿ ಜನ ವ್ಯವಹಾರ ನಡೆಸುತ್ತಾರೆ. ಆದ್ದರಿಂದ ಹಣ ಕೊಟ್ಟು ಕೊಂಡ ಯಂತ್ರವನ್ನು ಒರೆಗೆ ಹಚ್ಚುವಷ್ಟೇ ಕಟ್ಟುನಿಟ್ಟಾಗಿ ಇದನ್ನೂ ಒರೆಗೆ ಹಚ್ಚಬೇಕು ಎಂಬುದು ನನ್ನ ಅಭಿಪ್ರಾಯ.

ಕೊಡಗಿನಲ್ಲಿ ಈ ಕೆಲಸಕ್ಕೆ ಇರುವ ತೂಕವನ್ನು ಮೊದಲು ಹೇಳಬೇಕು. ಇಲ್ಲಿನ ಎಷ್ಟೋ ತೋಟಗಳ ಮಾಲೀಕರು ವರ್ಷದ ಹೆಚ್ಚಿನ ಕಾಲ ಊರಿನಲ್ಲಿರುವುದಿಲ್ಲ. ಕೆಲವರು ಬೆಂಗಳೂರು, ಮೈಸೂರುಗಳಲ್ಲಿ ಉದ್ಯೋಗದಲ್ಲಿದ್ದರೆ ಕೆಲವರು ಸೈನ್ಯದಲ್ಲಿದ್ದಾರೆ, ಇನ್ನು ಕೆಲವರು ವಿದೇಶದಲ್ಲಿದ್ದಾರೆ. ತೋಟದ ಲೆಕ್ಕ ನೋಡಿಕೊಳ್ಳುವ ರೈಟರ್ ಜೀಪಿನಲ್ಲೋ ಪಿಕಪ್‌ನಲ್ಲೋ ಮೂಟೆಗಳನ್ನು ತಂದು ಘಟಕದಲ್ಲಿ ಇಳಿಸುತ್ತಾರೆ, ತೂಕವಾಗುತ್ತದೆ, ತೇವಾಂಶ ನೋಡುತ್ತಾರೆ, ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ) ಎಷ್ಟು, ಚೆರಿ (ಹಣ್ಣನ್ನು ಹಾಗೆಯೇ ಒಣಗಿಸಿದ ಕಾಫಿ) ಎಷ್ಟು ಎಂದು ಚೀಟಿ ಬರೆಯುತ್ತಾರೆ. ಆ ಚೀಟಿಯ ಪ್ರತಿ ಮಾಲೀಕರ ಕೈಗೆ ಅದೇ ದಿನ ಸಿಗುವುದೆಂದರೆ ರೈಟರ್, ಘಟಕ ಮತ್ತು ಮಾಲೀಕರ ನಡುವೆ ಮುಂದೆ ಬರಬಹುದಾದ ಹತ್ತು ಮಾತುಗಳು ಅಲ್ಲಿಗೇ ನಿಲ್ಲುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಕಳುಹಿಸುವ ರೂಢಿ ಇದೆಯಾದರೂ, ವರ್ಷದ ಕೊನೆಗೆ ಲೆಕ್ಕಪರಿಶೋಧಕರ ಮುಂದೆ ಕೂತಾಗ ಹುಡುಕಿ ತೆಗೆಯಲು ಸಿಗುವುದು ಇ-ಮೇಲ್ ಮಾತ್ರ. ಹಾಗಾಗಿ ಈ ಲೈಬ್ರರಿಯನ್ನು ನಾನು ಅಳೆಯುವ ಕೋಲು ಒಂದೇ: ಪತ್ರ ಹೋದಾಗ ಎಷ್ಟು ಸಲೀಸಾಗಿ ಹೋಯಿತು ಎಂಬುದಲ್ಲ, ಹೋಗದೆ ಉಳಿದಾಗ ಅದು ನಮಗೆ ನಿಜವನ್ನು ತಿಳಿಸುತ್ತದೆಯೇ ಎಂಬುದು.

ಸುಲಭತೆಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ, ಏಕೆಂದರೆ ದೂರಿಗೆ ಅಲ್ಲಿ ಜಾಗವಿಲ್ಲ. ಇಮೇಲ್‌ಮೆಸೇಜ್ ಎಂಬ ವಸ್ತುವೊಂದನ್ನು ತೆರೆದು, ಯಾರಿಂದ, ಯಾರಿಗೆ, ವಿಷಯವೇನು ಎಂಬುದನ್ನು ತುಂಬಿ, ಒಕ್ಕಣೆಯನ್ನು ಹಾಕಿ, ಪಿಡಿಎಫ್ ಲಗತ್ತಿಸಿ, ಸರ್ವರಿಗೆ ಲಾಗಿನ್ ಆಗಿ ಕಳುಹಿಸುವಷ್ಟು ಕೆಲಸ ಇಪ್ಪತ್ತು ಸಾಲುಗಳೊಳಗೆ ಮುಗಿಯುತ್ತದೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಈ ಇಮೇಲ್‌ಮೆಸೇಜ್ ಎಂಬ ಹೊಸ ಬಗೆ ಪೈಥಾನ್ 3.6ರಿಂದ ಪೂರ್ಣ ಪ್ರಮಾಣದಲ್ಲಿ ಬಳಕೆಗೆ ಬಂದಿದೆ. ಆದರೆ ಹಳೆಯ ಪಾಠಗಳಲ್ಲಿ ಇಂದಿಗೂ ಮೈಮ್‌ಟೆಕ್ಸ್ಟ್, ಮೈಮ್‌ಮಲ್ಟಿಪಾರ್ಟ್ ಎಂಬ ಹಳೆಯ ತುಣುಕುಗಳನ್ನೇ ಜೋಡಿಸುವುದನ್ನು ಕಲಿಸುತ್ತಾರೆ. ಹೊಸದಾಗಿ ಬರೆಯುವವರು ಹಳೆಯ ದಾರಿಯನ್ನು ಹಿಡಿಯಬಾರದು. ಏಕೆ ಎಂಬುದಕ್ಕೆ ಕಾರಣವೊಂದು ಮುಂದೆ ಬರುತ್ತದೆ.

ಈ ಲೈಬ್ರರಿಯ ನಿಜವಾದ ಗುಣ ಗೊತ್ತಾಗಬೇಕಾದರೆ ಅದರ ಸಂಭಾಷಣೆಯನ್ನು ಪರದೆಯ ಮೇಲೆ ಮೂಡಿಸಿ ಒಮ್ಮೆ ನೋಡಬೇಕು. ದೋಷ ಹುಡುಕಲು ನೆರವಾಗುವ ಡೀಬಗ್ ಮಟ್ಟವನ್ನು 1 ಎಂದು ಇಟ್ಟರೆ, ಪ್ರೋಗ್ರಾಂ ಮತ್ತು ಸರ್ವರ್ ಆಡುವ ಪ್ರತಿಯೊಂದು ಮಾತೂ ಸಾಲುಸಾಲಾಗಿ ಕಾಣಿಸುತ್ತದೆ. ಸರ್ವರ್ 220 ಎಂಬ ಸಂಖ್ಯೆಯೊಡನೆ ಸ್ವಾಗತಿಸುತ್ತದೆ. ಪ್ರೋಗ್ರಾಂ ಇಎಚ್‌ಎಲ್‌ಒ ಎಂದು ತನ್ನ ಪರಿಚಯ ಹೇಳುತ್ತದೆ. ಸರ್ವರ್ ತನಗೆ ಏನೇನು ಬರುತ್ತದೆ ಎಂಬುದನ್ನು ಪಟ್ಟಿ ಮಾಡುತ್ತದೆ, ಅದರಲ್ಲಿ ತಾನು ಒಪ್ಪುವ ಪತ್ರದ ಗರಿಷ್ಠ ಗಾತ್ರವೂ ಸೇರಿರುತ್ತದೆ. ಬಳಿಕ ಕಳುಹಿಸುವವರ ವಿಳಾಸ, ಅದಕ್ಕೆ 250. ಪಡೆಯುವವರ ವಿಳಾಸ, ಅದಕ್ಕೂ 250. ಡೇಟಾ ಎಂದಾಗ 354, ಎಂದರೆ ಪತ್ರವನ್ನು ಕೊಡು ಎಂಬ ಅಪ್ಪಣೆ. ಪತ್ರ ಮುಗಿಯಿತೆಂದು ತಿಳಿಸಲು ಒಂದೇ ಒಂದು ಚುಕ್ಕಿ ಇರುವ ಸಾಲು. ಅದಕ್ಕೆ ಮತ್ತೆ 250 ಬಂದರೆ ಪತ್ರವನ್ನು ಸರ್ವರ್ ಒಪ್ಪಿಕೊಂಡಿತು ಎಂದರ್ಥ. 4ರಿಂದ ಆರಂಭವಾಗುವ ಸಂಖ್ಯೆ ಬಂದರೆ ಈಗ ಆಗದು, ಆಮೇಲೆ ಬಾ ಎಂದು. 5ರಿಂದ ಆರಂಭವಾದರೆ ಮತ್ತೆ ಬಂದರೂ ಪ್ರಯೋಜನವಿಲ್ಲ ಎಂದು. ಇಂಟರ್ನೆಟ್ ರೂಪಿಸಿದವರಲ್ಲಿ ಒಬ್ಬರಾದ ಜಾನ್ ಪೋಸ್ಟೆಲ್ 1982ರಲ್ಲಿ ಬರೆದಿಟ್ಟ ಎಸ್‌ಎಂಟಿಪಿ ನಿಯಮಗಳ ಮೂಲ ಚೌಕಟ್ಟು ಇಂದಿಗೂ ಇದೇ ಆಗಿದೆ, ಮತ್ತು ಎಸ್‌ಎಂಟಿಪಿಲಿಬ್ ಈ ಸಂಖ್ಯೆಗಳನ್ನು ಮುಚ್ಚಿಡದೆ ನಮ್ಮ ಕೈಗೆ ಕೊಡುತ್ತದೆ. ದೋಷಗಳಿಗೂ ಅದು ಬೇರೆ ಬೇರೆ ಹೆಸರು ಕೊಟ್ಟಿದೆ: ಲಾಗಿನ್ ಒಪ್ಪದಿದ್ದರೆ ಒಂದು, ವಿಳಾಸ ಒಪ್ಪದಿದ್ದರೆ ಇನ್ನೊಂದು, ಸಂಪರ್ಕ ಕಡಿದರೆ ಮತ್ತೊಂದು. ದೋಷವಾಗಿದೆ ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಮುಗಿಸಿಬಿಡುವ ಉಪಕರಣಗಳ ನಡುವೆ ಇದು ದೊಡ್ಡ ಗುಣ. ಡೀಬಗ್ ಸಾಲುಗಳನ್ನು ಮಾತ್ರ ಇನ್ನೊಬ್ಬರಿಗೆ ಕಳುಹಿಸುವ ಮುನ್ನ ಲಾಗಿನ್ ಭಾಗವನ್ನು ಅಳಿಸಬೇಕು. ಅಲ್ಲಿ ಪಾಸ್‌ವರ್ಡ್ ಬೇಸ್64 ಎಂಬ, ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಿಗೆ ಇಳಿಸಿದ ರೂಪದಲ್ಲಿ ಇರುತ್ತದೆ. ಅದು ಗುಪ್ತಲಿಪಿಯಲ್ಲ, ಯಾರು ಬೇಕಾದರೂ ಕ್ಷಣದಲ್ಲಿ ಬಿಡಿಸಿ ಓದಬಹುದು.

ಕನ್ನಡದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಈ ಲೈಬ್ರರಿಯ ಮೇಲೆ ನನಗೆ ಗೌರವ ಹುಟ್ಟಿದ್ದು ಇಲ್ಲಿಯೇ. ಇ-ಮೇಲಿನ ನಿಯಮಗಳು ರೂಪುಗೊಂಡ ಕಾಲದಲ್ಲಿ ಇಂಗ್ಲಿಷ್ ಅಕ್ಷರಗಳ ಹೊರತಾಗಿ ಬೇರೇನನ್ನೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ವಿಷಯದ ಸಾಲಿನಲ್ಲಿ ಕನ್ನಡ ಬರೆಯಬೇಕಾದರೆ ಅದನ್ನು ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳ ವೇಷಕ್ಕೆ ಇಳಿಸಿ ಕಳುಹಿಸಬೇಕು. ತೂಕದ ಚೀಟಿ ಎಂಬ ಎರಡು ಪದಗಳನ್ನೇ ತೆಗೆದುಕೊಳ್ಳಿ. ವ್ಯಂಜನ, ಸ್ವರಚಿಹ್ನೆಗಳನ್ನು ಬೇರೆಯಾಗಿ ಎಣಿಸಿದರೆ ಅದರಲ್ಲಿ ಎಂಟು ಸಂಕೇತಗಳೂ ನಡುವೆ ಒಂದು ಖಾಲಿ ಜಾಗವೂ ಇವೆ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಒಟ್ಟು 25 ಬೈಟ್ ಆಯಿತು. ಅದನ್ನು ಬೇಸ್64ಕ್ಕೆ ಇಳಿಸಿದರೆ 36 ಅಕ್ಷರ. ಇದು ಯುಟಿಎಫ್-8 ಎಂದು ಹೇಳುವ ಮುಂಗುರುತು, ಹಿಂಗುರುತು ಸೇರಿ 48. ಹೀಗೆ ಕಟ್ಟಿದ ಒಂದು ತುಂಡು 75 ಅಕ್ಷರಗಳನ್ನು ಮೀರಬಾರದು ಎಂಬುದು ನಿಯಮ. ಎಂದರೆ ಒಂದು ತುಂಡಿನಲ್ಲಿ ಕನ್ನಡದ 15 ಸಂಕೇತಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ. ಬೆಳೆಗಾರರ ಮನೆತನದ ಹೆಸರು, ತೋಟದ ಹೆಸರು, ದಿನಾಂಕ, ಚೀಟಿಯ ಸಂಖ್ಯೆ ಎಲ್ಲವೂ ಸೇರಿದ ವಿಷಯದ ಸಾಲು ನಾಲ್ಕೈದು ತುಂಡುಗಳಾಗಿ ಹೋಗಬೇಕಾಗುತ್ತದೆ. ತುಂಡು ಮಾಡುವಾಗ ಒಂದು ಸಂಕೇತದ ಮೂರು ಬೈಟುಗಳ ನಡುವೆ ಕತ್ತರಿ ಬಿದ್ದರೆ ಪಡೆದವರ ಪರದೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಮೂಡಬಹುದು. ಇದನ್ನೆಲ್ಲ ಕೈಯಿಂದ ಬರೆದು ಸರಿಪಡಿಸುವುದು ಎಷ್ಟು ಕಷ್ಟವೆಂಬುದು ಬೇರೆ ಭಾಷೆಗಳಲ್ಲಿ ಪ್ರಯತ್ನಿಸಿದವರಿಗೆ ಗೊತ್ತು. ಪೈಥಾನಿನ ಇಮೇಲ್‌ಮೆಸೇಜ್‌ನಲ್ಲಿ ವಿಷಯದ ಜಾಗಕ್ಕೆ ಕನ್ನಡವನ್ನು ಕನ್ನಡವಾಗಿಯೇ ಬರೆದರೆ ಸಾಕು. ಕತ್ತರಿಸುವುದು, ವೇಷ ತೊಡಿಸುವುದು, ಸಾಲು ಮಡಚುವುದು ಎಲ್ಲವನ್ನೂ ಅದೇ ನೋಡಿಕೊಳ್ಳುತ್ತದೆ. ಲಗತ್ತಿನ ಕಡತಕ್ಕೆ ಕನ್ನಡದ ಹೆಸರಿಟ್ಟರೂ ಅದನ್ನು ನಿಯಮದ ಪ್ರಕಾರ ಬರೆಯುತ್ತದೆ. ಉದ್ದನೆಯ ಸಾಲುಗಳಿರುವ ಕನ್ನಡದ ಒಕ್ಕಣೆಯನ್ನೂ ತಾನಾಗಿಯೇ ಬೇಸ್64ಕ್ಕೆ ಇಳಿಸಿ ಕಳುಹಿಸುತ್ತದೆ.

ಒಂದು ತೊಡಕನ್ನು ಮಾತ್ರ ಯಾವ ಲೈಬ್ರರಿಯೂ ಬಿಡಿಸಲಾರದು. ನಮ್ಮಲ್ಲಿ ಎಷ್ಟೋ ಕಚೇರಿಗಳ ಹಳೆಯ ಕಡತಗಳು ಇನ್ನೂ ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿಯೇ ಇವೆ. ಅವುಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡವಾದರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳು. ಅಂಥ ಕಡತದಿಂದ ಬೆಳೆಗಾರರ ಹೆಸರನ್ನು ತೆಗೆದು ಪತ್ರಕ್ಕೆ ಹಾಕಿದರೆ ಲೈಬ್ರರಿ ಅದನ್ನು ನಿಷ್ಠೆಯಿಂದ ಹಾಗೆಯೇ ಕಳುಹಿಸುತ್ತದೆ, ಮೊಬೈಲಿನಲ್ಲಿ ತೆರೆದವರಿಗೆ ಅರ್ಥವಿಲ್ಲದ ಅಕ್ಷರಗಳ ರಾಶಿ ಕಾಣಿಸುತ್ತದೆ. ಹೆಸರುಗಳ ಪಟ್ಟಿಯನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಒಮ್ಮೆ ಕಣ್ಣಿನಿಂದಲೇ ಓದಿ ತಿದ್ದಿಕೊಂಡ ಮೇಲೆಯೇ ಈ ಕೆಲಸಕ್ಕೆ ಇಳಿಯಬೇಕು. ಮನೆತನದ ಹೆಸರನ್ನು ತಪ್ಪಾಗಿ ಬರೆದ ಪತ್ರವನ್ನು ಕೊಡಗಿನಲ್ಲಿ ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಭದ್ರತೆಯ ವಿಷಯದಲ್ಲಿ ನನ್ನ ಮೆಚ್ಚುಗೆ ಅರ್ಧ, ಆಕ್ಷೇಪಣೆ ಅರ್ಧ. ಮೆಚ್ಚುವ ಭಾಗ ಇದು: ಹೋಂಸ್ಟೇಯ ವೆಬ್ ಫಾರ್ಮಿನಲ್ಲಿ ಅತಿಥಿ ತುಂಬಿದ ಹೆಸರನ್ನು ನಾವು ಪತ್ರದ ವಿಷಯದ ಸಾಲಿಗೆ ಸೇರಿಸುತ್ತೇವೆ ಎಂದುಕೊಳ್ಳಿ. ದುರುದ್ದೇಶವಿರುವ ಒಬ್ಬರು ಹೆಸರಿನ ನಡುವೆ ಹೊಸ ಸಾಲಿನ ಸಂಕೇತವನ್ನು ತೂರಿಸಿ, ಅದರ ಕೆಳಗೆ ತಮಗೆ ಬೇಕಾದ ನೂರು ವಿಳಾಸಗಳನ್ನು ಸೇರಿಸಿಬಿಟ್ಟರೆ, ನಮ್ಮ ಹೆಸರಿನಲ್ಲಿ ಕಸದ ಮೇಲ್ ಊರೆಲ್ಲ ಹರಿದಾಡುತ್ತದೆ. ಇಮೇಲ್‌ಮೆಸೇಜ್ ಇಂಥ ಸಾಲನ್ನು ಕಂಡ ಕೂಡಲೇ ದೋಷವೆಂದು ಎತ್ತಿ ತೋರಿಸಿ ನಿಲ್ಲುತ್ತದೆ. ಹಳೆಯ ಮೈಮ್‌ಟೆಕ್ಸ್ಟ್ ದಾರಿಯಲ್ಲಿ ಆ ಕಾವಲು ಅದೇ ಹಂತದಲ್ಲಿ ಇರುವುದಿಲ್ಲ. ಹಳೆಯ ಪಾಠಗಳನ್ನು ಬಿಡಿ ಎಂದು ಮೇಲೆ ಹೇಳಿದ್ದು ಇದಕ್ಕಾಗಿ. ಬಿಸಿಸಿಯ, ಎಂದರೆ ಉಳಿದವರಿಗೆ ಕಾಣದಂತೆ ಪ್ರತಿ ಕಳುಹಿಸುವ ವಿಳಾಸಗಳ, ವಿಷಯದಲ್ಲಿಯೂ ಅದು ಜಾಗ್ರತೆ ವಹಿಸುತ್ತದೆ: ಪತ್ರವನ್ನು ಒಟ್ಟಾಗಿ ಒಪ್ಪಿಸುವ ಸೆಂಡ್‌ಮೆಸೇಜ್ ಬಳಸಿದರೆ ಬಿಸಿಸಿ ಸಾಲನ್ನು ಹೊರಗೆ ಹೋಗಗೊಡುವುದಿಲ್ಲ, ಒಬ್ಬ ಬೆಳೆಗಾರರ ವಿಳಾಸ ಇನ್ನೊಬ್ಬರಿಗೆ ಕಾಣಿಸುವುದಿಲ್ಲ.

ಆಕ್ಷೇಪಣೆಯ ಭಾಗ ಇದಕ್ಕಿಂತ ಗಂಭೀರವಾದುದು. ಸರ್ವರಿನೊಡನೆ ಗುಪ್ತ ಸಂಪರ್ಕ ಏರ್ಪಡಿಸಿಕೊಳ್ಳಲು 465ನೇ ಪೋರ್ಟಿನಲ್ಲಿ (ಸರ್ವರಿನ ಸಂಪರ್ಕದ ಬಾಗಿಲು) ಆರಂಭದಿಂದಲೇ ಟಿಎಲ್‌ಎಸ್ ಎಂಬ ಗುಪ್ತಲಿಪಿ ವ್ಯವಸ್ಥೆ ಬಳಸಬಹುದು, ಇಲ್ಲವೇ 587ನೇ ಪೋರ್ಟಿನಲ್ಲಿ ಮಾತು ಆರಂಭಿಸಿ ನಡುವೆ ಟಿಎಲ್‌ಎಸ್‌ಗೆ ಬದಲಾಯಿಸಬಹುದು. ಎರಡರಲ್ಲಿಯೂ, ಎಸ್‌ಎಸ್‌ಎಲ್ ಲೈಬ್ರರಿಯಿಂದ ಡೀಫಾಲ್ಟ್ ಕಾಂಟೆಕ್ಸ್ಟ್ ಎಂಬ ಭದ್ರತೆಯ ಹೊಂದಿಸುವಿಕೆಯೊಂದನ್ನು ರಚಿಸಿ ನಾವೇ ಕೈಯಾರೆ ಕೊಡದಿದ್ದರೆ, ಎಸ್‌ಎಂಟಿಪಿಲಿಬ್ ಸರ್ವರಿನ ಗುರುತನ್ನು ದೃಢಪಡಿಸುವ ಪ್ರಮಾಣಪತ್ರವನ್ನು ಪರಿಶೀಲಿಸುವುದೇ ಇಲ್ಲ. ಸಂಪರ್ಕ ಗುಪ್ತವಾಗಿರುತ್ತದೆ, ಆದರೆ ಆ ತುದಿಯಲ್ಲಿ ಇರುವವರು ಯಾರು ಎಂಬುದು ಖಾತ್ರಿಯಾಗಿರುವುದಿಲ್ಲ. ನಡುವೆ ನಿಂತ ಮೋಸಗಾರನಿಗೇ ಪಾಸ್‌ವರ್ಡ್ ಒಪ್ಪಿಸಿದಂತಾಗಬಹುದು. ಹೋಂಸ್ಟೇಗಳ ಉಚಿತ ವೈಫೈಯಲ್ಲಿ ಕೂತು ಕೆಲಸ ಮಾಡುವ ನಮ್ಮಂಥವರಿಗೆ ಇದು ಪುಸ್ತಕದ ಮಾತಲ್ಲ. ಸುರಕ್ಷಿತವಾದ ದಾರಿಯೇ ಕೇಳದೆ ಸಿಗಬೇಕು, ಅಪಾಯದ ದಾರಿಯನ್ನು ಕೇಳಿ ಪಡೆಯಬೇಕು. ಇಲ್ಲಿ ಅದು ತಲೆಕೆಳಗಾಗಿದೆ. ಒಂದು ಸಾಲು ಸೇರಿಸಿದರೆ ಸರಿಹೋಗುತ್ತದೆ ಎಂಬುದು ನಿಜ, ಆದರೆ ಆ ಸಾಲು ಬೇಕೆಂಬುದೇ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ.

ಪಾಸ್‌ವರ್ಡ್ ಎಂದಾಗ ಜಿಮೇಲ್ ಬಳಸುವವರಿಗೆ ಒಂದು ಮಾತು. ಮಾಮೂಲಿ ಪಾಸ್‌ವರ್ಡ್ ಕೊಟ್ಟು ಪ್ರೋಗ್ರಾಂನಿಂದ ಲಾಗಿನ್ ಆಗುವ ಸೌಲಭ್ಯವನ್ನು ಗೂಗಲ್ 2022ರ ಮೇ 30ರಿಂದ ನಿಲ್ಲಿಸಿದೆ. ಎರಡು ಹಂತದ ಪರಿಶೀಲನೆಯನ್ನು ಆರಂಭಿಸಿ, 16 ಅಕ್ಷರಗಳ ಆ್ಯಪ್ ಪಾಸ್‌ವರ್ಡ್ ಒಂದನ್ನು ಪಡೆದು ಅದನ್ನೇ ಬಳಸಬೇಕು. ಅದನ್ನು ಪ್ರೋಗ್ರಾಂನ ಒಳಗೆ ಬರೆದಿಡದೆ ಬೇರೆ ಕಡತದಲ್ಲೋ ಕಂಪ್ಯೂಟರಿನ ಪರಿಸರ ಚರಾಂಶದಲ್ಲೋ (ಪ್ರೋಗ್ರಾಂನ ಹೊರಗೆ ಇಟ್ಟ ಹೊಂದಾಣಿಕೆ) ಇಡುವುದು ಲೇಸು.

ಇನ್ನು ನನ್ನ ಅಳತೆಗೋಲಿನ ಮುಖ್ಯ ಪ್ರಶ್ನೆ. ಒಂದೇ ಪತ್ರವನ್ನು ತೋಟದ ಮಾಲೀಕರಿಗೆ, ಅವರ ಸಹೋದರರಿಗೆ, ರೈಟರಿಗೆ ಹೀಗೆ ಮೂವರಿಗೆ ಒಟ್ಟಾಗಿ ಕಳುಹಿಸಿದಾಗ ಒಂದು ವಿಳಾಸವನ್ನು ಮಾತ್ರ ಸರ್ವರ್ ನಿರಾಕರಿಸಿತು ಎಂದಿಟ್ಟುಕೊಳ್ಳಿ. ಎಸ್‌ಎಂಟಿಪಿಲಿಬ್ ಆಗ ಯಾವ ದೋಷವನ್ನೂ ಎತ್ತುವುದಿಲ್ಲ. ಎಲ್ಲ ವಿಳಾಸಗಳನ್ನೂ ನಿರಾಕರಿಸಿದಾಗ ಮಾತ್ರ ಅದು ದೋಷವೆಂದು ಕೂಗುತ್ತದೆ. ಒಬ್ಬರಿಗಾದರೂ ಒಪ್ಪಿತವಾದರೆ ಪ್ರೋಗ್ರಾಂ ಸುಗಮವಾಗಿ ಮುಂದೆ ಸಾಗುತ್ತದೆ, ನಿರಾಕರಿಸಿದ ವಿಳಾಸಗಳನ್ನೂ ಕಾರಣಗಳನ್ನೂ ಒಂದು ಪಟ್ಟಿಯಾಗಿ ಹಿಂದಿರುಗಿಸುತ್ತದೆ. ಆ ಪಟ್ಟಿಯನ್ನು ಹಿಡಿದು ನೋಡುವ ಸಾಲನ್ನು ನಾವು ಬರೆದಿರದಿದ್ದರೆ ಅದು ಗಾಳಿಗೆ ಹೋಯಿತು. ಬೆಂಗಳೂರಿನಿಂದ ಫೋನ್ ಮಾಡಿ ‘ಚೀಟಿ ಇನ್ನೂ ಬಂದಿಲ್ಲವಲ್ಲ’ ಎನ್ನುವವರಿಗೆ, ‘ನಮ್ಮ ಕಡೆಯಿಂದ ಹೋಗಿದೆ ಸಾರ್’ ಎಂದು ಘಟಕದ ಗುಮಾಸ್ತರು ಪ್ರಾಮಾಣಿಕವಾಗಿಯೇ ಉತ್ತರಿಸುವ ಪರಿಸ್ಥಿತಿ ಹುಟ್ಟುವುದು ಇಂಥ ಕಡೆಯೇ. ಆದ್ದರಿಂದ ಒಬ್ಬೊಬ್ಬರಿಗೂ ಬೇರೆ ಬೇರೆ ಪತ್ರ ಕಳುಹಿಸುವುದೇ ಸರಿ. ಸಂಪರ್ಕವನ್ನು ಒಮ್ಮೆ ತೆರೆದು ಅದರಲ್ಲಿಯೇ ಪತ್ರಗಳನ್ನು ಒಂದಾದ ಮೇಲೊಂದರಂತೆ ಒಪ್ಪಿಸಿದರೆ ಸಮಯವೂ ಹೆಚ್ಚು ಹಿಡಿಯುವುದಿಲ್ಲ.

ಇಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ನಾವು ಮಾತನಾಡುವುದು ಸಾಮಾನ್ಯವಾಗಿ ಪಡೆಯುವವರ ಸರ್ವರಿನೊಡನೆ ಅಲ್ಲ, ನಮ್ಮ ಪತ್ರಗಳನ್ನು ಪಡೆದು ಮುಂದಕ್ಕೆ ಸಾಗಿಸುವ ಸರ್ವರಿನೊಡನೆ. ಅದು ಬಹುತೇಕ ಎಲ್ಲ ವಿಳಾಸಗಳಿಗೂ 250 ಎಂದೇ ಹೇಳುತ್ತದೆ. ಅಂಚೆ ಕಚೇರಿಯ ಕೌಂಟರಿನಲ್ಲಿ ಹಾಕಿಸಿಕೊಂಡ ಮೊಹರಿನಂತೆ ಅದು ಪತ್ರವನ್ನು ತೆಗೆದುಕೊಂಡಿದ್ದಕ್ಕೆ ಸಾಕ್ಷಿಯೇ ಹೊರತು ಬಟವಾಡೆಗೆ ಸಾಕ್ಷಿಯಲ್ಲ. ವಿಳಾಸ ಇಲ್ಲದಿದ್ದರೆ ಆ ಸುದ್ದಿ ಆಮೇಲೆ, ಇನ್ನೊಂದು ಇ-ಮೇಲಿನ ರೂಪದಲ್ಲಿ, ಕಳುಹಿಸಿದವರ ಪೆಟ್ಟಿಗೆಗೆ ಹಿಂದಿರುಗಿ ಬರುತ್ತದೆ. ಕಳುಹಿಸುವ ವಿಳಾಸವಾಗಿ ಯಾರೂ ತೆರೆದು ನೋಡದ ಪೆಟ್ಟಿಗೆಯನ್ನು ಕೊಟ್ಟಿದ್ದರೆ ಆ ಸುದ್ದಿ ಯಾರಿಗೂ ಸಿಗುವುದಿಲ್ಲ. ಹಿಂದಿರುಗಿದ ಪತ್ರಗಳನ್ನು ಓದಿ ಕೊಡಲು ಐಮ್ಯಾಪ್‌ಲಿಬ್ ಎಂಬ ಇನ್ನೊಂದು ಲೈಬ್ರರಿ ಪೈಥಾನಿನಲ್ಲಿಯೇ ಇದೆ. ಆದರೆ ದಿನಕ್ಕೊಮ್ಮೆ ಮನುಷ್ಯರೊಬ್ಬರು ಆ ಪೆಟ್ಟಿಗೆಯನ್ನು ತೆರೆದು ನೋಡುವ ಪದ್ಧತಿ ಇಟ್ಟುಕೊಂಡರೆ ಸಣ್ಣ ಘಟಕಗಳಿಗೆ ಅಷ್ಟೇ ಸಾಕು.

ಮಳೆಗಾಲದ ಮಾತಿಗೆ ಬಂದಾಗ ಈ ಲೈಬ್ರರಿಯ ಮಿತಿ ಸ್ಪಷ್ಟವಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಮರ ಬಿದ್ದು ಕರೆಂಟು ಹೋಗುವುದು, ಟವರಿನ ಬ್ಯಾಟರಿ ಮುಗಿದು ನೆಟ್‌ವರ್ಕ್ ಇಲ್ಲವಾಗುವುದು ವಿಶೇಷ ಸುದ್ದಿಯಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಮುಂತಾದ ಕಡೆ ಗುಡ್ಡಗಳೇ ಕುಸಿದಾಗ ಎಷ್ಟೋ ಗ್ರಾಮಗಳು ದಿನಗಟ್ಟಲೆ ಹೊರಜಗತ್ತಿನ ಸಂಪರ್ಕವನ್ನೇ ಕಳೆದುಕೊಂಡಿದ್ದವು. ಅಷ್ಟು ದೊಡ್ಡ ಅನಾಹುತ ಬೇಡ, ಮಾಮೂಲಿ ಆಷಾಢದ ಒಂದು ಮಧ್ಯಾಹ್ನ ಸಾಕು. ಮಡಿಕೇರಿಯ ಹೋಂಸ್ಟೇಯಲ್ಲಿ ಅತಿಥಿಯ ಬುಕಿಂಗ್ ದಾಖಲಾಗುತ್ತದೆ, ಪ್ರೋಗ್ರಾಂ ಸರ್ವರನ್ನು ಕರೆಯುತ್ತದೆ, ಅಷ್ಟರಲ್ಲಿ ನೆಟ್‌ವರ್ಕ್ ಹೋಗುತ್ತದೆ. ಎಸ್‌ಎಂಟಿಪಿಲಿಬ್‌ಗೆ ಕಾಯುವ ಅವಧಿಯನ್ನು ನಾವು ಹೇಳಿರದಿದ್ದರೆ ಅದು ಉತ್ತರಕ್ಕಾಗಿ ಎಷ್ಟು ಹೊತ್ತಾದರೂ ಕಾಯುತ್ತ ಕೂರಬಹುದು. ಬುಕಿಂಗ್ ಪರದೆ ಅಲ್ಲಿಯೇ ಹೆಪ್ಪುಗಟ್ಟುತ್ತದೆ, ಎದುರಿಗೆ ನಿಂತ ಅತಿಥಿಗೆ ಕೋಣೆಯ ಕೀಲಿ ಕೊಡುವುದೂ ತಡವಾಗುತ್ತದೆ. ಕಾಯುವ ಅವಧಿಯನ್ನು 20 ಅಥವಾ 30 ಸೆಕೆಂಡ್ ಎಂದು ಬರೆಯುವುದು ಕಡ್ಡಾಯ. ಅದಕ್ಕಿಂತಲೂ ಮುಖ್ಯವಾಗಿ, ಪತ್ರ ಕಳುಹಿಸುವ ಕೆಲಸವನ್ನು ಬುಕಿಂಗ್ ದಾಖಲಿಸುವ ಕೆಲಸದಿಂದ ಬೇರ್ಪಡಿಸಲೇಬೇಕು.

ಮತ್ತೆ ಪ್ರಯತ್ನಿಸುವ ಜವಾಬ್ದಾರಿಯನ್ನು ಎಸ್‌ಎಂಟಿಪಿಲಿಬ್ ಹೊತ್ತುಕೊಂಡಿಲ್ಲ. ಅದಕ್ಕೆ ಸರತಿ ಎಂಬ ಕಲ್ಪನೆಯೇ ಇಲ್ಲ. ಕಳುಹಿಸಲು ಆಗಲಿಲ್ಲ ಎಂದು ಹೇಳಿ ಅದು ಕೈತೊಳೆದುಕೊಳ್ಳುತ್ತದೆ. ಪತ್ರ ಉಳಿಯಿತೇ ಅಳಿಯಿತೇ ಎಂಬುದು ನಮಗೆ ಬಿಟ್ಟಿದ್ದು. ಲಿನಕ್ಸ್ ಇರುವ ಕಡೆ ಇದಕ್ಕೆ ಒಳ್ಳೆಯ ಪರಿಹಾರವೆಂದರೆ ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರನ್ನು ಅದೇ ಕಂಪ್ಯೂಟರಿನಲ್ಲಿ ಕೂರಿಸುವುದು. ಪ್ರೋಗ್ರಾಂ ಪತ್ರವನ್ನು ಪಕ್ಕದಲ್ಲೇ ಇರುವ ಪೋಸ್ಟ್‌ಫಿಕ್ಸ್‌ಗೆ ಒಪ್ಪಿಸುತ್ತದೆ, ಅದಕ್ಕೆ ಇಂಟರ್ನೆಟ್ ಬೇಕಿಲ್ಲ. ಪೋಸ್ಟ್‌ಫಿಕ್ಸ್ ಪತ್ರವನ್ನು ಡಿಸ್ಕಿನ ಮೇಲೆ ಬರೆದಿಟ್ಟು, ನೆಟ್‌ವರ್ಕ್ ಬಂದಾಗ ಮುಂದಿನ ಸರ್ವರಿಗೆ ಸಾಗಿಸುತ್ತದೆ, ಆಗದಿದ್ದರೆ ಅಂತರ ಹೆಚ್ಚಿಸುತ್ತ ಪದೇ ಪದೇ ಪ್ರಯತ್ನಿಸುತ್ತದೆ, ಸಾಮಾನ್ಯ ವ್ಯವಸ್ಥೆಯಲ್ಲಿ 5 ದಿನಗಳವರೆಗೆ ಬಿಡದೆ ಕಾಯುತ್ತದೆ. ಆ 5 ದಿನಗಳನ್ನು ಕೊಡಗಿನ ಮಳೆಗಾಲಕ್ಕೆ ಹೆಚ್ಚಿಸಿಕೊಳ್ಳುವುದೂ ಒಂದೇ ಸಾಲಿನ ಕೆಲಸ.

ಆದರೆ ಇಲ್ಲಿನ ಕಚೇರಿಗಳಲ್ಲಿ ಹೆಚ್ಚಾಗಿ ಇರುವುದು ವಿಂಡೋಸ್ ಮತ್ತು ಲೆಕ್ಕಪತ್ರದ ಟ್ಯಾಲಿ. ಅಂಥ ಕಡೆ ಪೈಥಾನಿನೊಡನೆಯೇ ಬರುವ ಎಸ್‌ಕ್ಯೂಲೈಟ್ ಎಂಬ ಸಣ್ಣ ಡೇಟಾಬೇಸ್‌ನಲ್ಲಿ ಒಂದು ಕೋಷ್ಟಕ ಮಾಡಿಕೊಳ್ಳುವುದು ಸಾಕು. ಪ್ರತಿ ಚೀಟಿಗೂ ಒಂದು ಸಾಲು. ಅದರಲ್ಲಿ ವಿಳಾಸ, ಚೀಟಿಯ ಸಂಖ್ಯೆ, ಸ್ಥಿತಿ. ತೂಕ ದಾಖಲಾದಾಗ ಸ್ಥಿತಿ ‘ಬಾಕಿ’ ಎಂದು ಬರೆದು ಅಲ್ಲಿಗೆ ಬಿಡಬೇಕು. ಕೆಲವು ನಿಮಿಷಗಳಿಗೊಮ್ಮೆ ಏಳುವ ಬೇರೊಂದು ಸಣ್ಣ ಪ್ರೋಗ್ರಾಂ ಬಾಕಿ ಇರುವವನ್ನು ತೆಗೆದು ಕಳುಹಿಸಿ, 250 ಬಂದ ಮೇಲೆಯೇ ‘ಒಪ್ಪಿಸಿದೆ’ ಎಂದು ತಿದ್ದಬೇಕು. 4ರ ಸಂಖ್ಯೆ ಬಂದರೆ ಬಾಕಿಯಾಗಿಯೇ ಉಳಿಸಬೇಕು, 5ರ ಸಂಖ್ಯೆ ಬಂದರೆ ಗುಮಾಸ್ತರ ಗಮನಕ್ಕೆ ತರಬೇಕು. ಇಷ್ಟನ್ನು ಮಾಡಿಕೊಂಡರೆ ಕರೆಂಟು ಹೋಗಿ ಬಂದರೂ ಯುಪಿಎಸ್ ಸತ್ತರೂ ಯಾವ ಚೀಟಿಯೂ ಕಾಣೆಯಾಗುವುದಿಲ್ಲ.

ಒಂದು ಗಳಿಗೆ ಮಾತ್ರ ಯಾರ ಕೈಗೂ ಸಿಗದೆ ಉಳಿಯುತ್ತದೆ. ಪತ್ರದ ಕೊನೆಯ ಚುಕ್ಕಿ ಸರ್ವರಿಗೆ ತಲುಪಿ, ಸರ್ವರಿನ 250 ನಮಗೆ ತಲುಪುವ ಮುನ್ನ ಸಂಪರ್ಕ ಕಡಿದರೆ, ಪತ್ರ ಹೋಯಿತೋ ಇಲ್ಲವೋ ಎಂಬುದನ್ನು ನಮ್ಮ ಕಡೆಯಿಂದ ತಿಳಿಯುವ ದಾರಿಯೇ ಇಲ್ಲ. ಮತ್ತೆ ಕಳುಹಿಸಿದರೆ ಎರಡು ಪ್ರತಿ ಹೋಗಬಹುದು, ಬಿಟ್ಟರೆ ಒಂದೂ ಹೋಗದಿರಬಹುದು. ಕ್ರೇಗ್ ಪಾರ್ಟ್ರಿಜ್ ಎಂಬುವರು 1988ರಲ್ಲಿಯೇ ಈ ತೊಡಕಿನ ಬಗ್ಗೆ ಪ್ರತ್ಯೇಕ ಟಿಪ್ಪಣಿ ಬರೆದಿದ್ದಾರೆ, ಅದು ಇಂದಿಗೂ ಪೂರ್ತಿಯಾಗಿ ತೀರಿಲ್ಲ. ತೂಕದ ಚೀಟಿಯ ವಿಷಯದಲ್ಲಿ ಎರಡು ಪ್ರತಿ ಹೋಗುವುದೇ ಮೇಲು ಎಂಬುದು ನನ್ನ ನಿಲುವು. ಆದರೆ ಅದೇ ಚೀಟಿ ಎರಡು ಸಲ ಬಂದಿದೆ, ಎರಡು ಲೋಡು ಬಂದಿಲ್ಲ ಎಂಬುದು ಪಡೆದವರಿಗೆ ನೋಡಿದೊಡನೆ ತಿಳಿಯಬೇಕು. ಅದಕ್ಕಾಗಿ ವಿಷಯದ ಸಾಲಿನಲ್ಲಿ ಚೀಟಿಯ ಸಂಖ್ಯೆ ಇರಲೇಬೇಕು, ಮತ್ತು ಮೆಸೇಜ್-ಐಡಿಯನ್ನು, ಎಂದರೆ ಪ್ರತಿ ಪತ್ರಕ್ಕೂ ಇರುವ ವಿಶಿಷ್ಟ ಗುರುತನ್ನು, ಕಳುಹಿಸುವ ಮುನ್ನವೇ ರಚಿಸಿ ಕೋಷ್ಟಕದಲ್ಲಿ ಬರೆದಿಟ್ಟು ಮರುಪ್ರಯತ್ನದಲ್ಲಿಯೂ ಅದನ್ನೇ ಬಳಸಬೇಕು. ಈ ಮೆಸೇಜ್-ಐಡಿಯನ್ನಾಗಲಿ ದಿನಾಂಕದ ಸಾಲನ್ನಾಗಲಿ ಲೈಬ್ರರಿ ತಾನಾಗಿ ಸೇರಿಸುವುದಿಲ್ಲ ಎಂಬುದು ನನ್ನ ಇನ್ನೊಂದು ಆಕ್ಷೇಪಣೆ. ದಿನಾಂಕ ಇರಲೇಬೇಕು ಎಂಬುದು ಇ-ಮೇಲಿನ ನಿಯಮ. ಮೆಸೇಜ್-ಐಡಿ ಇಲ್ಲದ ಪತ್ರವನ್ನು ಬಾಗಿಲಲ್ಲೇ ತಡೆಯುವ ಸರ್ವರುಗಳೂ ಇವೆ. ಎರಡನ್ನೂ ಮಾಡಿಕೊಡುವ ಉಪಕರಣಗಳು ಅದೇ ಲೈಬ್ರರಿಯಲ್ಲಿ ಇರುವಾಗ, ಮರೆತವರ ಪತ್ರಕ್ಕೆ ತಾನೇ ಸೇರಿಸಿಕೊಡಬಹುದಾಗಿತ್ತು.

ಪರೀಕ್ಷೆಗಾಗಿ ನಿಜವಾದ ಬೆಳೆಗಾರರಿಗೆ ಪತ್ರ ಕಳುಹಿಸುವುದು ಸಲ್ಲದು. ಹಿಂದೆ ಪೈಥಾನಿನ ಒಳಗೇ ಎಸ್‌ಎಂಟಿಪಿಡಿ ಎಂಬ ಪುಟ್ಟ ಸರ್ವರ್ ಇತ್ತು, ಬಂದ ಪತ್ರವನ್ನು ಪರದೆಯ ಮೇಲೆ ತೋರಿಸಿ ಅಲ್ಲಿಗೇ ಬಿಡುತ್ತಿತ್ತು. ಪೈಥಾನ್ 3.12ರಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಈಗ ಎಐಒಎಸ್‌ಎಂಟಿಪಿಡಿ ಎಂಬುದನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಕೆಲಸಕ್ಕೆ ಅದೂ ಚೆನ್ನಾಗಿದೆ.

ಕೊನೆಯದಾಗಿ ಸ್ಪ್ಯಾಮ್ ಪೆಟ್ಟಿಗೆ ಮತ್ತು ಪತ್ರಗಳ ಸಂಖ್ಯೆ, ಇವೆರಡೂ ಲೈಬ್ರರಿಯ ಎಲ್ಲೆಯ ಹೊರಗಿನವು. ವೈಯಕ್ತಿಕ ಜಿಮೇಲ್ ಖಾತೆಯಿಂದ ದಿನಕ್ಕೆ 500 ಜನರಿಗೆ ಮಾತ್ರ ಕಳುಹಿಸಬಹುದು, ಹಣ ಕೊಡುವ ವರ್ಕ್‌ಸ್ಪೇಸ್ ಖಾತೆಯಲ್ಲಿ ಈ ಮಿತಿ 2000. ಒಂದು ಕ್ಯೂರಿಂಗ್ ಘಟಕಕ್ಕಾಗಲಿ ಹತ್ತು ಕೋಣೆಗಳ ಹೋಂಸ್ಟೇಗಾಗಲಿ ಕೊಯ್ಲಿನ ಭರಾಟೆಯಲ್ಲಿಯೂ ಇದು ಸಾಲದೆ ಹೋಗುವುದಿಲ್ಲ. ತಮ್ಮದೇ ಡೊಮೈನ್ (ಇಂಟರ್ನೆಟ್ ಹೆಸರು) ಇರುವವರು ಎಸ್‌ಪಿಎಫ್, ಡಿಕಿಮ್ ದಾಖಲೆಗಳನ್ನು ಹಾಕಿಸಿಕೊಳ್ಳಬೇಕು. ಇವು ಈ ಪತ್ರ ನಿಜವಾಗಿ ಇದೇ ಡೊಮೈನಿನಿಂದ ಬಂದದ್ದು ಎಂದು ಪಡೆಯುವ ಸರ್ವರಿಗೆ ರುಜುವಾತು ಒದಗಿಸುತ್ತವೆ. 2024ರ ಫೆಬ್ರವರಿಯಿಂದ ಗೂಗಲ್ ಎಲ್ಲ ಕಳುಹಿಸುವವರಿಂದಲೂ ಇವುಗಳಲ್ಲಿ ಒಂದನ್ನಾದರೂ ಕೇಳುತ್ತಿದೆ, ದಿನಕ್ಕೆ 5000ಕ್ಕಿಂತ ಹೆಚ್ಚು ಕಳುಹಿಸುವವರಿಂದ ಎರಡನ್ನೂ, ಜೊತೆಗೆ ಆ ರುಜುವಾತು ಸಿಗದ ಪತ್ರವನ್ನು ಏನು ಮಾಡಬೇಕೆಂದು ತಿಳಿಸುವ ಡಿಮಾರ್ಕ್ ದಾಖಲೆಯನ್ನೂ ಕೇಳುತ್ತಿದೆ. ಹಲವು ತೋಟಗಳ ಲೆಕ್ಕವನ್ನು ಒಟ್ಟಾಗಿ ನೋಡಿಕೊಳ್ಳುವ ಸಂಘಗಳಿಗೆ ಪತ್ರಗಳ ಸಂಖ್ಯೆ ಹೆಚ್ಚಿದರೆ ಇ-ಮೇಲ್ ಕಳುಹಿಸಿಕೊಡುವ ಅಮೆಜಾನಿನ ಎಸ್‌ಇಎಸ್‌ನಂಥ ಸೇವೆ ಇದೆ. 1000 ಪತ್ರಗಳಿಗೆ ಅಮೆರಿಕದ 10 ಸೆಂಟ್‌ನಷ್ಟು ದರ. ಹೊಸ ಖಾತೆಗೆ ಆರಂಭದಲ್ಲಿ ದಿನಕ್ಕೆ 200 ಪತ್ರಗಳ ಮಿತಿ ಇರುತ್ತದೆ, ಅದೂ ಮೊದಲೇ ದೃಢಪಡಿಸಿದ ವಿಳಾಸಗಳಿಗೆ ಮಾತ್ರ; ಮಿತಿ ತೆಗೆಸಲು ಅರ್ಜಿ ಹಾಕಬೇಕು. ಆದ್ದರಿಂದ ಕೊಯ್ಲು ಆರಂಭವಾಗುವ ನವೆಂಬರ್‌ಗೆ ಸಾಕಷ್ಟು ಮೊದಲೇ, ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬ ಮುಗಿದ ಕೂಡಲೇ ಆ ಕೆಲಸ ಹಚ್ಚಿಕೊಳ್ಳುವುದು ಒಳಿತು. ಎಸ್‌ಇಎಸ್‌ಗೂ ಎಸ್‌ಎಂಟಿಪಿಯ ಬಾಗಿಲೇ ಇರುವುದರಿಂದ ಪ್ರೋಗ್ರಾಂನಲ್ಲಿ ಬದಲಾಗುವುದು ಸರ್ವರಿನ ಹೆಸರು, ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ಮಾತ್ರ. ಎಸ್‌ಎಂಟಿಪಿಲಿಬ್‌ಗಾಗಿ ಬರೆದ ಉಳಿದ ಸಾಲುಗಳೆಲ್ಲ ಹಾಗೆಯೇ ನಡೆಯುತ್ತವೆ.